ಡಿಕ್ಕಿಯ ಸ್ವಿಚ್ಚು

ರೋಷನ ಕಾರಿನ ಡಿಕ್ಕಿಯ ಸಂದಿಗೆ ಸ್ಕ್ರೂಡ್ರೈವರ್ ತುರುಕುತ್ತಿದ್ದಾಗ ಜಗಲಿಯಿಂದ ನೆರೆಮನೆಯ ಶಾಂತಾರಾಮ ಕೂಗಿದ.

"ಹಣ್ಣು ಪ್ಯಾಟೆಲಿ ಸಿಗುದಿಲ್ವನಾ? ಹೆಣ ಕಾಯಿಸ್ಬಾರ್ದು ಮಾರಾಯಾ!"

"ಪ್ಯಾಟೆದು ಬ್ಯಾಡ," ಎಂದಳು ಬೇಬಿ. "ಅವ್ರು ತಂದದ್ದೇ ಬೇಕು."

ಜಗಲಿಯಲ್ಲಿ ಮಲಗಿಸಿದ್ದ ಮಂಗೇಶ ಅವಳ ಗಂಡ. ಇಪ್ಪತ್ತು ವರ್ಷ ಇದೇ ಕಾರಿನಲ್ಲಿ ಅವಳ ಮೀನಿನ ಬುಟ್ಟಿಗಳನ್ನು ದೇವಬಾಗದಿಂದ ಕಾರವಾರಕ್ಕೆ ಸಾಗಿಸಿದವನು. ಬಾಡಿಗೆಗೆ ಕಾರು ಹತ್ತಿದವರು ಬಂಗುಡೆ ಮೀನಿನ ವಾಸನೆಗೆ ಮೂಗು ಮುಚ್ಚಿದರೆ ಅವನಿಗೆ ಅದೇ ಸೆಂಟು. ತೀರಿಹೋದವರ ಕೈಗೆ ಅವರಿಗಿಷ್ಟದ್ದೊಂದನ್ನು ಕೊಟ್ಟು ಕಳಿಸುವುದು ಆ ಮನೆಯ ಪದ್ಧತಿ. ಅವನಿಗಿಷ್ಟದ ಕರಿ ಈಶಾಡ ಮಾವು ಡಿಕ್ಕಿಯೊಳಗೇ ಘಮಘಮಿಸುತ್ತಿತ್ತು.

"ಫ್ಯೂಸ್ ಸರಿನೇ ಅದೆ ಕಾಕಿ. ಕೀಲಿ ತೂತು ಉಪ್ಪುಗಾಳಿಗೆ ಜಾಮ್," ಎಂದ ರೋಷನ. ಮಂಗೇಶನ ಅಣ್ಣನ ಮಗ, ಶಿರವಾಡದಲ್ಲಿ ಗಾಡಿ ವೈರಿಂಗ್ ಮಾಡುವವನು. "ಮೀನಿನ ನೀರು ಇಳ್ದು ಒಳಗಿನ ಸಾಕೆಟ್ ತಿಂದ್ಹೋಗದೆ. ಕಾಕಾ ಹ್ಯಾಂಗೆ ತೆಗಿತಿದ್ದ?"

ಬೇಬಿ ಡಿಕ್ಕಿಯ ಬಣ್ಣ ಸವೆದ ಜಾಗದ ಮೇಲೆ ಕೈಯಾಡಿಸಿದಳು.

*

ನಿನ್ನೆ ಸಂಜೆ ಮಂಗೇಶ ಅಂಕೋಲೆಯಿಂದ ಬಂದಿದ್ದ. ಅಲ್ಲೇ ಹತ್ತಿರದ ಹಟ್ಟಿಕೇರಿಯ ಅವಳ ತವರಿಗೆ ಜೊತೆಯಲ್ಲಿ ಹೋಗೋಣ ಎಂದವನು, ಬಾಡಿಗೆ ಸಿಕ್ಕಿತೆಂದು ಒಬ್ಬನೇ ಹೋಗಿದ್ದ. ಬೇಬಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು.

"ನಿನ್ನ ತವರಿನ ಅಂಗಳದ ಮರದ್ದೇ ಹಣ್ಣು," ಎಂದು ಡಿಕ್ಕಿಯ ಮೇಲೆ ಅಂಗೈ ಊರಿ ನಿಂತ. "ಒತ್ತೇ."

ಅವನು ಹಿಂದೆ ಅದುಮಬೇಕು, ಅದೇ ಹೊತ್ತಿಗೆ ಅವಳು ಕಾರಿನೊಳಗೆ ಡ್ರೈವರ್ ಸೀಟಿನ ಪಕ್ಕದ ಸ್ವಿಚ್ ಒತ್ತಬೇಕು. ಒಬ್ಬರಿಗೆ ತೆರೆಯುವಂಥದ್ದಲ್ಲ. ರಿಪೇರಿ ಮಾಡಿಸಿ ಎಂದರೆ, ನೀನಿದ್ದೀಯಲ್ಲ ಎಂದು ನಗುತ್ತಿದ್ದ.

"ನನ್ನ ಬಿಟ್ಟು ಹೋದವ್ರು ನೀವೇ ತೆಕ್ಕೊಳ್ಳಿ. ನಾ ಒತ್ತುದು ನಾಳೆಗೇ," ಎಂದು ಬೇಬಿ ಮನೆಯೊಳಗೆ ನಡೆದಳು.

ಬೆಳಿಗ್ಗೆ ಅವನು ಏಳಲಿಲ್ಲ.

*

"ಬಲಗಡೆ, ಬಣ್ಣ ಸವ್ದಲ್ಲಿ ಕೈ ಇಡು," ಎಂದು ರೋಷನನಿಗೆ ಹೇಳಿ ಬೇಬಿ ಕಾರಿನೊಳಗೆ ಕೂತಳು. "ಅದುಮು."

ಒತ್ತಿದಳು. ಟಕ್ ಎಂದು ಮುಚ್ಚಳ ಎದ್ದಿತು.

ಅವಳ ಮೀನಿನ ಬುಟ್ಟಿಯಲ್ಲೇ ಒಣಹುಲ್ಲು ಹಾಸಿ ಮಂಗೇಶ ಆರು ಹಣ್ಣು ಜೋಡಿಸಿದ್ದ. ಒಂದನ್ನು ಜಗಲಿಗೆ ಒಯ್ದು ಅವನ ಅಂಗೈಯಲ್ಲಿಟ್ಟು, "ಒತ್ದೆ, ನೋಡಿ," ಎಂದಳು. ಬೆಳಗಿನಿಂದ ಬಾರದ ಅಳು ಆಗ ಬಂತು.

ಗಂಡಸರು ಹೆಣ ಹೊತ್ತು ಹೊರಟರು. ಉಳಿದ ಹಣ್ಣುಗಳನ್ನು ಯಾರೋ ಒಳಗೆ ಒಯ್ಯಲು ಬಂದರೆ, ಇರಲಿ ಎಂದು ಬೇಬಿ ಡಿಕ್ಕಿ ಮುಚ್ಚಿದಳು. ಮತ್ತೆ ಅದೇ ಸೀಟಿನಲ್ಲಿ ಕೂತಳು. ಸ್ವಿಚ್ಚಿನ ಮೇಲೆ ಬೆರಳಿಟ್ಟು, ಕನ್ನಡಿಯಲ್ಲಿ ಕಾಣುವ, ಅವನನ್ನು ಹೊತ್ತೊಯ್ದ ಮರಳಿನ ದಾರಿ ನೋಡುತ್ತ, ಅವನು "ಒತ್ತೇ" ಎನ್ನುವುದನ್ನೇ ಕಾದಳು.