ಮಗುಚಿಟ್ಟ ಟ್ರೇ

ಟ್ರೇಯನ್ನು ಎತ್ತಿದ್ದೇ ತಡ, ಅದರ ಒಳಮೈಗೆ ಎಣ್ಣೆಯಂಟಿನಿಂದ ಕಚ್ಚಿಕೊಂಡಿದ್ದ ಏನೋ ಕಳಚಿ ಅಪ್ಪನ ಮೋಟರ್‌ಸೈಕಲ್ ಗ್ಯಾರೇಜಿನ ಬೆಂಚಿನ ಮೇಲೆ ಟಿಣ್ ಎಂದು ಬಿತ್ತು.

"ಸಿಕ್ತೇನಮ್ಮಾ?" ಹೊರಗಿನಿಂದ ಚಿಕ್ಕಪ್ಪ ಕೂಗಿದ. "ಬಂದವರಿಗೆ ನೀರು ಕೊಡೋಕೆ ಒಂದು ತಟ್ಟೆಗೂ ಗತಿ ಇಲ್ವಾ ಈ ಮನೇಲಿ?"

ಮಗಳು ಬಗ್ಗಿ ಅದನ್ನು ಎತ್ತಿಕೊಂಡಳು. ಬಿದ್ದದ್ದು ಒಂದು ಲಾಕ್ ವಾಷರ್. ಎರಡು ಕಿವಿಗಳಿರುವ ತೆಳು ಬಿಲ್ಲೆ. ಕ್ಲಚ್ಚಿನ ನಡುವಿನ ದೊಡ್ಡ ನಟ್ಟನ್ನು ಬಿಗಿದ ಮೇಲೆ ಇದರ ಕಿವಿಯನ್ನು ಉಳಿಯಿಂದ ತಟ್ಟಿ ನಟ್ಟಿನ ಮೈಗೆ ಮಡಚಬೇಕು. ಆಗ ನಟ್ಟು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡೂ ಕಿವಿಗಳು ನೆಟ್ಟಗಿದ್ದವು. ಹೊಚ್ಚ ಹೊಸದು, ಒಂದು ಪೆಟ್ಟೂ ತಿಂದಿರಲಿಲ್ಲ.

ಅದು ಟ್ರೇಯಲ್ಲಿ ಉಳಿಯಬಾರದಿತ್ತು.

ಅಪ್ಪನದು ಒಂದೇ ಪದ್ಧತಿ. ಬಿಚ್ಚಿದ್ದನ್ನೆಲ್ಲ ಈ ಟ್ರೇಯಲ್ಲಿ ಎಡದಿಂದ ಬಲಕ್ಕೆ ಸಾಲಾಗಿ ಜೋಡಿಸುವುದು, ಬಲದಿಂದ ಎಡಕ್ಕೆ ತಿರುಗಿ ಕೂಡಿಸುವುದು. ಟ್ರೇ ಖಾಲಿಯಾದರೆ ಅದನ್ನು ಬೆಂಚಿನ ಮೇಲೆ ಮಗುಚಿಡುವುದು. ಮಗುಚಿದ ಟ್ರೇ ಕಂಡರೆ ಗಾಡಿಯವರು ಮರುದಿನ ಬಂದು ಕೇಳದೆಯೇ ಕೀಲಿ ಎತ್ತಿಕೊಳ್ಳುತ್ತಿದ್ದರು. ನಿನ್ನೆ ಮಧ್ಯಾಹ್ನ ಬೇಕರಿಯವನ ಹಳೇ ಗಾಡಿಯ ಕ್ಲಚ್ ಕೂಡಿಸಿ, ಕೈ ಒರೆಸಿಕೊಂಡು, ಟ್ರೇ ಮಗುಚಿ, ಸ್ಟೂಲಿನ ಮೇಲೆ ಗೋಡೆಗೊರಗಿ ಕೂತವನು ಮತ್ತೆ ಏಳಲಿಲ್ಲ. ಬೆಳಿಗ್ಗೆಯಿಂದ ಬಂದವರೆಲ್ಲ ಟ್ರೇಯನ್ನು ಬೊಟ್ಟು ಮಾಡಿ ಒಂದೇ ಮಾತು ಹೇಳಿದ್ದರು: "ಕೆಲಸ ಮುಗಿಸಿಯೇ ಹೋದ ನೋಡಿ, ಪುಣ್ಯಾತ್ಮ."

ವಾಷರನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅವಳು ಹೊರಗೆ ಬಂದಳು.

ಬೀದಿ ಇಳಿಜಾರಿನದು. ಶವದ ವ್ಯಾನು ಬಾಗಿಲ ಮುಂದೆ ನಿಂತಿತ್ತು. ಅದರ ಹಿಂದೆ ಹದಿನಾಲ್ಕು ಹಳೇ ಮೋಟರ್‌ಸೈಕಲ್ಲುಗಳು, ಎಲ್ಲವೂ ಅಪ್ಪನ ಕೈಯಲ್ಲಿ ಪಳಗಿದವು. ಬೇಕರಿಯವನ ಗಾಡಿ ಮಾತ್ರ ಎಲ್ಲಕ್ಕಿಂತ ಮುಂದೆ, ವ್ಯಾನಿನ ಮೂತಿಗೆ ನಿಂತಿತ್ತು. ಅದರ ಮೇಲೆ ಅವಳ ತಮ್ಮ ಕೂತಿದ್ದ.

"ಮೇಸ್ತ್ರಿ ಕೊನೇ ಸಲ ಮುಟ್ಟಿದ ಗಾಡಿ," ಬೇಕರಿಯವ ತನ್ನ ಬೊಜ್ಜುಹೊಟ್ಟೆ ಸವರುತ್ತ ಎಲ್ಲರಿಗೂ ಹೇಳುತ್ತಿದ್ದ. "ಅದೇ ಮುಂದೆ ಹೋಗ್ಬೇಕು, ಮಗನೇ ಓಡಿಸ್ಬೇಕು. ಹಿಂದಿನ ಸೀಟು ಖಾಲಿ ಇರ್ಲಿ ಬಿಡಿ. ನಾನೇನಾದ್ರೂ ಕೂತ್ರೆ ಗಾಡಿ ಸೇತುವೆಯಲ್ಲಿ ನಿಲ್ಲಲ್ಲ, ಸೀದಾ ಸಮುದ್ರಕ್ಕೇ."

ನಾಲ್ಕೈದು ಜನ ನಕ್ಕರು. ನಕ್ಕಿದ್ದಕ್ಕೆ ನಾಚಿ ವ್ಯಾನಿನ ಕಡೆ ನೋಡಿದರು.

ಮಗಳು ಇಳಿಜಾರನ್ನು ನೋಡಿದಳು. ಎರಡು ಮೈಲಿ ಇಳಿತ, ಕೊನೆಗೊಂದು ತಿರುವು, ತಿರುವಿಗೆ ಸೇತುವೆ, ಅದರಾಚೆ ಸ್ಮಶಾನ.

*

ಮೂರು ತಿಂಗಳ ಹಿಂದೆ ಅವಳಿಗೆ ಮೊದಲ ಬಾರಿ ಅನುಮಾನ ಬಂದಿತ್ತು. ಅಪ್ಪ ಎರಡು ಸ್ಟೀಲ್ ಪ್ಲೇಟುಗಳನ್ನು, ನಡುವೆ ಬರಬೇಕಾದ ಕ್ಲಚ್ ಪ್ಲೇಟ್ ಬಿಟ್ಟು, ಒಂದರ ಮೇಲೊಂದು ಇಟ್ಟು, ಮುಂದೇನೆಂದು ತಿಳಿಯದವನಂತೆ ತನ್ನ ಕೈಯನ್ನೇ ನೋಡುತ್ತ ಕೂತಿದ್ದ. ನಲವತ್ತು ವರ್ಷ ಕಣ್ಣುಮುಚ್ಚಿ ಮಾಡಿದ ಕೆಲಸ. ಅವಳು ಕೆಮ್ಮಿದಳು. ಅವನು ಬೆಚ್ಚಿಬಿದ್ದು, "ಸೆಖೆ ಕಣೇ," ಎಂದ. ಅವತ್ತು ಚಳಿಯಿತ್ತು.

ಅಂದಿನಿಂದ ಅವಳು ಬೆಳಗಾಗುತ್ತಲೇ, ಅಪ್ಪ ಏಳುವ ಮೊದಲು, ಹಿಂದಿನ ದಿನದ ಗಾಡಿಯ ಮುಚ್ಚಳ ಬಿಚ್ಚಿ ಒಳಗೆ ನೋಡತೊಡಗಿದಳು. ಹೆಚ್ಚಿನವು ಸರಿಯಾಗಿಯೇ ಇರುತ್ತಿದ್ದವು. ಕೆಲವು ಇರುತ್ತಿರಲಿಲ್ಲ. ಸರಿಮಾಡಿ ಮುಚ್ಚುತ್ತಿದ್ದಳು.

ಒಂದು ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಮುಚ್ಚಳ ಎರಡೆರಡು ಸಲ ಬಿಚ್ಚಿದ್ರೆ ಅದರಡಿಯ ಪ್ಯಾಕಿಂಗ್ ಹಾಳೆ ಹರಿಯುತ್ತೆ," ಎಂದ. "ಎಣ್ಣೆ ಸೋರುತ್ತೆ."

ಅಷ್ಟೇ. ಆದರೆ ಆಮೇಲಿನ ಪ್ರತಿ ಗಾಡಿಗೂ ಅವನು ಎರಡೆರಡು ಪ್ಯಾಕಿಂಗ್ ತಂದ. ಒಂದನ್ನು ತಾನು ಹಾಕಿ, ಇನ್ನೊಂದನ್ನು ಬೆಂಚಿನ ಮೂಲೆಯಲ್ಲಿಟ್ಟು ಹೋಗುತ್ತಿದ್ದ.

ಬೇಕರಿಯವನ ಗಾಡಿಯ ಸರದಿ ಇವತ್ತು ಬೆಳಿಗ್ಗೆಯದು. ಇವತ್ತು ಬೆಳಿಗ್ಗೆ ಅವಳು ಅಪ್ಪನ ಉಗುರಿನ ಸಂದಿಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದಳು.

*

"ಆ ಗಾಡಿ ಬೇಡ," ಎಂದಳು. "ಇಳಿಯೋ."

"ಯಾಕಕ್ಕಾ?"

"ಕೇಬಲ್ ಸಡಿಲ ಇದೆ."

ಚಿಕ್ಕಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ನಿಮ್ಮಪ್ಪನ ಕೆಲಸಕ್ಕೆ ಹೆಸರಿಡ್ತೀಯಾ? ಅದೂ ಇವತ್ತು? ಅವನು ಗಳಿಸಿದ್ದು ಹೆಸರೊಂದೇ ಕಣಮ್ಮ. ಅದನ್ನಾದ್ರೂ ಜೊತೆಗೆ ಕಳಿಸು."

ತಮ್ಮ ಕಿಕ್ಕರ್ ತುಳಿದ. ಒಂದೇ ಏಟಿಗೆ ಎಂಜಿನ್ ಹೊತ್ತಿಕೊಂಡಿತು. ಧಗ್ ಧಗ್ ಎಂದು, ಸೊಗಸಾಗಿ.

"ಕೇಳ್ರಪ್ಪಾ!" ಬೇಕರಿಯವನ ಕಣ್ಣು ತುಂಬಿತು. "ಸತ್ತ ಮೇಲೂ ಮಾತಾಡ್ತಾನೆ ಮೇಸ್ತ್ರಿ."

ಹಿಂದಿನ ಗಾಡಿಗಳೂ ಒಂದೊಂದಾಗಿ ಶುರುವಾದವು. ಬೀದಿಯ ಕಿಟಕಿಗಳು ನಡುಗಿದವು. ಮಗಳಿಗೆ ಗೊತ್ತಿತ್ತು: ನಟ್ಟಿಗೆ ಬೀಗವಿಲ್ಲದ ಗಾಡಿ ಮೊದಲ ಮೈಲಿ ಬಲು ಚೆನ್ನಾಗಿ ಓಡುತ್ತದೆ. ಆಮೇಲೆ ನಟ್ಟು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹಿಂದೆ ಸರಿಯುತ್ತದೆ, ಚೈನಿಗೆ ಸಿಕ್ಕುತ್ತದೆ. ಹಿಂದಿನ ಚಕ್ರ ಇದ್ದಲ್ಲೇ ಕಚ್ಚಿ ನಿಲ್ಲುತ್ತದೆ. ಬ್ರೇಕು, ಹ್ಯಾಂಡಲ್ಲು, ಯಾವುದೂ ಮಾತು ಕೇಳುವುದಿಲ್ಲ.

ತಮ್ಮ ಕ್ಲಚ್ ಹಿಡಿದು ಗೇರ್ ಹಾಕಿದ.

ಅವಳು ಕೈ ಚಾಚಿ ಕೀಲಿ ತಿರುಗಿಸಿ ಕಿತ್ತುಕೊಂಡಳು. ಇನ್ನೊಂದು ಕೈಯ ಮುಷ್ಟಿ ಬಿಚ್ಚಿ, ವಾಷರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಇದು ಟ್ರೇಯಲ್ಲೇ ಉಳಿದಿತ್ತು."

ಹಳೇ ಗಾಡಿ ಇಟ್ಟವರಿಗೆ ಅದೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹಳೇದಿರ್ಬೇಕಮ್ಮಾ," ಬೇಕರಿಯವ ತೊದಲಿದ. "ಬಿಚ್ಚಿದ್ದು..."

"ಕಿವಿ ನೋಡಿ."

ಅವನು ನೋಡಿದ. ತಮ್ಮನನ್ನು ಇಳಿಸಿ, ತಾನೇ ಗಾಡಿಗೆ ಸ್ಟ್ಯಾಂಡ್ ಹಾಕಿದ.

ಅವಳು ಟ್ರೇ, ಉಳಿ, ನಟ್ಟು ಬಿಚ್ಚುವ ಪಾನಾಗಳನ್ನು ತಂದು ಬೀದಿಯಲ್ಲೇ ಕುಕ್ಕರುಗಾಲಲ್ಲಿ ಕೂತಳು. ಫುಟ್‌ರೆಸ್ಟ್ ತೆಗೆದು, ಎಣ್ಣೆಯನ್ನು ಡಬ್ಬಿಗೆ ಇಳಿಸಿ, ಮುಚ್ಚಳ ಬಿಚ್ಚಿದಳು. ಸ್ಪ್ರಿಂಗುಗಳು, ಪ್ರೆಷರ್ ಪ್ಲೇಟ್, ಆಮೇಲೆ ಒಂದು ಕ್ಲಚ್ ಪ್ಲೇಟ್, ಒಂದು ಸ್ಟೀಲ್ ಪ್ಲೇಟ್. ಎಡದಿಂದ ಬಲಕ್ಕೆ ಸಾಲಾಗಿ ಇಟ್ಟಳು. ಕೊನೆಗೆ ನಡುವಿನ ನಟ್ಟು ಕಂಡಿತು. ಪಾನಾ ಬೇಕಾಗಲಿಲ್ಲ. ಎರಡು ಬೆರಳಿಗೇ ತಿರುಗಿತು.

ತಮ್ಮ ಇಳಿಜಾರಿನ ಕಡೆ ಒಮ್ಮೆ ನೋಡಿ ಅವಳ ಪಕ್ಕ ಕುಕ್ಕರಿಸಿದ.

"ಟಾಪ್ ಗೇರಿಗೆ ಹಾಕಿದೀನಿ, ನಟ್ಟಿನ ಜೊತೆ ಕ್ಲಚ್ ತಿರುಗ್ಬಾರ್ದು. ಹಿಂದಿನ ಚಕ್ರ ಬಿಗಿಯಾಗಿ ಹಿಡ್ಕೋ," ಎಂದಳು. ವಾಷರ್ ಕೂರಿಸಿ ನಟ್ಟು ಬಿಗಿದಳು. ಉಳಿಯನ್ನಿಟ್ಟು ಎರಡು ಪೆಟ್ಟು ಕೊಟ್ಟಳು. ಕಿವಿ ಮಡಚಿಕೊಂಡಿತು. ಬಲದಿಂದ ಎಡಕ್ಕೆ ಒಂದೊಂದಾಗಿ ಎಲ್ಲವೂ ಒಳಗೆ ಹೋದವು. ಬೆಂಚಿನ ಮೂಲೆಯಲ್ಲಿ ಎರಡನೇ ಪ್ಯಾಕಿಂಗ್ ಇರುತ್ತದೆಂದು ಅವಳಿಗೆ ಗೊತ್ತಿತ್ತು. ಇತ್ತು.

ಡಬ್ಬಿಯ ಎಣ್ಣೆಯನ್ನು ಮರಳಿ ಸುರಿದು, ಫುಟ್‌ರೆಸ್ಟ್ ಬಿಗಿದಳು. ಖಾಲಿ ಟ್ರೇಯೊಳಗೆ ಅಂಗೈಯಿಂದ ಒಮ್ಮೆ ಪೂರ್ತಿ ಸವರಿ ನೋಡಿ, ಆಮೇಲೆ ಅದನ್ನು ಮಗುಚಿದಳು.

"ಯಾವಾಗಿಂದಮ್ಮಾ ಹೀಗೆ?" ಸಾಲಿನಲ್ಲಿ ಯಾರೋ ಕೇಳಿದರು. ಮೆಲ್ಲಗೆ ಕೇಳಿದರೂ ಎಂಜಿನ್ನುಗಳ ಸದ್ದಿನ ನಡುವೆಯೂ ಅದು ಕೇಳಿಸಿತು.

"ಮೂರು ತಿಂಗಳಿಂದ ಎಲ್ಲವನ್ನೂ ನಾನು ನೋಡ್ತಿದ್ದೆ." ಅವಳು ತಲೆಯೆತ್ತಲಿಲ್ಲ. "ಅದಕ್ಕೂ ಮೊದಲಿಂದು ಗೊತ್ತಿಲ್ಲ."

ಚಿಕ್ಕಪ್ಪ ಮುಖ ತಿರುಗಿಸಿಕೊಂಡ.

ಆಮೇಲೆ ಸಾಲಿನ ತುದಿಯಲ್ಲೊಂದು ಎಂಜಿನ್ ನಿಂತಿತು. ಅದರ ಪಕ್ಕದ್ದು ನಿಂತಿತು. ಹದಿನಾಲ್ಕೂ ನಿಂತ ಮೇಲೆ ಬೀದಿಯಲ್ಲಿ ವ್ಯಾನಿನ ಗುರುಗುಟ್ಟುವಿಕೆ ಮಾತ್ರ ಉಳಿಯಿತು. ವ್ಯಾನು ಇಳಿಜಾರಿಗೆ ಹೊರಳಿತು. ಹಿಂದೆ ಎಲ್ಲರೂ ನಡೆದೇ ಹೊರಟರು, ಬೇಕರಿಯವನೂ ಏದುಸಿರು ಬಿಡುತ್ತ.

ಬಾಗಿಲ ಮುಂದೆ ಗಾಡಿಗಳು ಸ್ಟ್ಯಾಂಡಿನ ಮೇಲೆ ಒಂದೇ ಕಡೆಗೆ ವಾಲಿಕೊಂಡು ಸಾಲಾಗಿ ನಿಂತಿದ್ದವು, ಎಡದಿಂದ ಬಲಕ್ಕೆ.