ಎಲ್ಲರ ಪೈಪು

ಅಡುಗೆಮನೆಗೂ ಕಕ್ಕಸಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದೂ ಬೆರಳಿನಿಂದ ತಟ್ಟಿದರೆ ಖಾಲಿ ಡಬ್ಬದ ಹಾಗೆ ಸದ್ದು ಮಾಡುವ ಗೋಡೆ. ಹೊಸ ಮನೆಗೆ ಕಾಲಿಟ್ಟ ಬಾತಿಮಾ ಮೊದಲು ಕಂಡದ್ದು ಇದನ್ನೇ. ಆಮೇಲೆ ಗಂಡ ದಲೇಲ್‌ಖಾನ್ ದೊಡ್ಡ ಕಿಟಕಿ ತೋರಿಸಿದ, ತಿರುಗಿಸಿದರೆ ಬಿಸಿನೀರು ಬರುವ ನಲ್ಲಿ ತೋರಿಸಿದ. ಯಾವುದೂ ಅವಳ ಮನಸ್ಸಿಗೆ ಹತ್ತಲಿಲ್ಲ.

"ಬೇಯಿಸೋದು ಇಲ್ಲಿ, ಹೇಲೋದು ಅಲ್ಲಿ. ಇದನ್ನ ಮನೆ ಅಂತಾರಾ?" ಎಂದಳು.

ಅವರು ಮಂಗೋಲಿಯಾದ ಬೆಟ್ಟದ ಕಡೆಯ ಕಝಾಕರು. ಒಂದರ ಹಿಂದೊಂದು ಬಂದ ಎರಡು ಕೆಟ್ಟ ಚಳಿಗಾಲಗಳಲ್ಲಿ ಮಂದೆಯೆಲ್ಲ ಹಿಮದಲ್ಲಿ ನಿಂತಲ್ಲೇ ಸತ್ತಿತ್ತು. ಮೊದಲೇ ಕಝಾಕಸ್ತಾನಕ್ಕೆ ಬಂದು ಗಣಿ ಸೇರಿದ್ದ ಮಗ, ಉತ್ತರದ ಈ ಕಲ್ಲಿದ್ದಲ ಊರಿನಲ್ಲಿ, ಮೂರಂತಸ್ತಿನ ಕಟ್ಟಡದ ನಡುವಿನ ಅಂತಸ್ತಿನ ಮನೆಯನ್ನು ಅಪ್ಪ ಅಮ್ಮನಿಗೆ ಕೊಡಿಸಿದ್ದ. ಹಿರಿಯರ ನಾಡಿಗೆ ಮರಳಿದೆವು ಎಂದು ದಲೇಲ್‌ಖಾನ್ ಹಿಗ್ಗಿದ. ಬಾತಿಮಾ ಮಾತ್ರ ಹಿಗ್ಗಲಿಲ್ಲ. ಉಣ್ಣುವ ಕಡೆ ನಾಯಿ ಕೂಡ ಹೊಲಸು ಮಾಡುವುದಿಲ್ಲ ಎಂದು ಅವಳ ತಾಯಿ ಹೇಳುತ್ತಿದ್ದಳು. ಬೆಟ್ಟದಲ್ಲಿ ಡೇರೆಯಿಂದ ದೂರ, ದಿಬ್ಬದ ಆಚೆ ಹೋದರೆ ಆಯಿತು. ಉಳಿದದ್ದನ್ನು ಗಾಳಿ ಬಿಸಿಲು ನೋಡಿಕೊಳ್ಳುತ್ತಿದ್ದವು.

ಹಿಂದೆ ಇದ್ದವರು ಬಿಟ್ಟುಹೋದ ಕೊಳೆಯನ್ನು ಅವಳು ವಾರವಿಡೀ ಉಜ್ಜಿದಳು. ಒಲೆಯ ಹಿಂದೆ ಹಳದಿ ಜಿಡ್ಡು ಅಂಟಿನಂತೆ ಹೆಪ್ಪುಗಟ್ಟಿತ್ತು. ಅದರಲ್ಲಿ ಸಿಕ್ಕಿಬಿದ್ದ ಜಿರಲೆಗಳ ಕಾಲುಗಳು ಇನ್ನೂ ಆಡುತ್ತಿದ್ದವು. ಬಾಲ್ಕನಿಯಲ್ಲಿ ಒಂದು ಜಾಡಿಯ ತುಂಬ ಹಂದಿಯ ಕೊಬ್ಬು. ಅದನ್ನು ಕೋಲಿನಿಂದ ತಳ್ಳಿ ಕಸದ ಚೀಲಕ್ಕೆ ಬೀಳಿಸಿದಳು, ಕೋಲನ್ನೂ ಎಸೆದಳು, ಕೈಯನ್ನು ಬೂದಿಯಲ್ಲಿ ತಿಕ್ಕಿ ತಿಕ್ಕಿ ತೊಳೆದಳು. ಆದರೂ ಉಪ್ಪು ಹಾಕಿದ ಹಾಲಿನ ಚಹಾ ಬಾಯಿಗಿಟ್ಟರೆ ಹಂದಿಯದೇ ವಾಸನೆ.

ಎಲ್ಲಕ್ಕಿಂತ ಕೆಟ್ಟದ್ದು ಅಡುಗೆಮನೆಯ ಮೂಲೆಯಲ್ಲಿ ಸೂರಿನಿಂದ ನೆಲಕ್ಕೆ ಇಳಿಯುವ ದಪ್ಪ ಪೈಪು. ಮೇಲಿನ ಮನೆಯವರು ನೀರು ಬಿಟ್ಟಾಗಲೆಲ್ಲ ಅದರೊಳಗೆ ಗುಡುಗುಡು ಎಂದು ಏನೋ ಉರುಳಿ ಇಳಿಯುತ್ತಿತ್ತು. ಬಾತಿಮಾ ಬಟ್ಟಲು ಆಚೆ ತಳ್ಳಿ ಎದ್ದುಬಿಡುತ್ತಿದ್ದಳು. ದಲೇಲ್‌ಖಾನ್ ಅವಳ ಪಾಲಿನ ಮಾಂಸವನ್ನೂ ತಿಂದು, ಪತ್ರಿಕೆ ಹಿಡಿದು ಕಕ್ಕಸಿಗೆ ಹೋಗಿ, ಅಲ್ಲಿ ಕೂತು ಸಿಳ್ಳೆ ಹಾಕುತ್ತಿದ್ದ. ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡ ಇದ್ದಕ್ಕಿದ್ದಂತೆ ಹೇಸಿಗೆ ಪ್ರಾಣಿಯಂತೆ ಕಂಡ.

"ಊರೋರಿಗೆಲ್ಲ ಒಪ್ಪಿದ್ದು ನಿನ್ನ ಕುಂಡೆಗೊಂದು ಒಪ್ಪಲ್ವಾ?" ಎಂದು ಅವನು ನಗುತ್ತಿದ್ದ.

ಒಪ್ಪಲಿಲ್ಲ. ಅವಳು ಬೆಳಿಗ್ಗೆ ಸಂಜೆ ರೈಲು ಹಳಿ ದಾಟಿ ಆಚೆಯ ಪೊದೆಗಳಿಗೆ ಹೋಗಿಬರುತ್ತಿದ್ದಳು. ಕಟ್ಟಡದ ಮುಂದಿನ ಬೆಂಚಿನಲ್ಲಿ ಕೂತ ಹೆಂಗಸರು ಇದನ್ನು ಗಮನಿಸದೆ ಇರುತ್ತಾರೆಯೇ? ಅವರಲ್ಲಿ ಮುಂದಾಳು ಕೆಳಮನೆಯ ಗಲಿಯಾ. ಗಣಿಯ ಕ್ಯಾಂಟೀನಿನಲ್ಲಿ ದುಡಿದು ನಿವೃತ್ತಳಾದವಳು. ಅವಳೂ ಕಝಾಕಳೇ, ಆದರೆ ಬೈಯುವುದಕ್ಕೂ ದೂರುವುದಕ್ಕೂ ರಷ್ಯನ್ನೇ ಬೇಕಾಗುತ್ತಿತ್ತು. ಮೆಟ್ಟಿಲಲ್ಲಿ ಬಾತಿಮಾ ಎದುರಾದರೆ ಕುರಿ ನಾತ ಎಂದು ಮೂಗಿಗೆ ಸೆರಗು ಹಿಡಿದಂತೆ ಕೊರಳವಸ್ತ್ರ ಎಳೆದುಕೊಳ್ಳುತ್ತಿದ್ದಳು. ಒಂದು ದಿನ ಎಲ್ಲರೂ ಕೇಳುವ ಹಾಗೆ ಕೇಳಿದಳು:

"ಅಕ್ಕಾ, ಹಳಿ ಆಚೆ ನಿಮ್ಮದೇನಾದ್ರೂ ಹೊಲ ಇದೆಯಾ? ದಿನಾ ಗೊಬ್ಬರ ಹಾಕೋಕೆ ಹೋಗ್ತೀರಲ್ಲ."

"ಇದೆ ಕಣಮ್ಮ," ಎಂದಳು ಬಾತಿಮಾ. "ನಿಮ್ಮ ಹಾಗೆ ತಲೆದಿಂಬಿನ ಪಕ್ಕದಲ್ಲೇ ಇಟ್ಕೊಂಡು ಮಲಗೋ ಅಭ್ಯಾಸ ನಮಗಿಲ್ಲ."

ಅಂದಿನಿಂದ ಬೆಂಚಿನವರು ಅವಳನ್ನು ಮಂಗೋಲಿ ಎಂದೇ ಕರೆದರು. ಬೆಟ್ಟದಲ್ಲಿದ್ದಾಗ ಮಂಗೋಲರು ಅವಳನ್ನು ಕಝಾಕಳು ಎಂದು ಕರೆಯುತ್ತಿದ್ದರು.

ಚಳಿಗಾಲ ಹಿಡಿದ ಮೇಲೆ ಹಳಿಯ ದಿಬ್ಬ ಹಿಮಗಟ್ಟಿ ಗಾಜಿನಂತಾಯಿತು. ಒಮ್ಮೆ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡ ಮೇಲೆ ಬಾತಿಮಾ ಬೇರೆ ದಾರಿ ಕಾಣದೆ ಮನೆಯ ಕಕ್ಕಸನ್ನೇ ಬಳಸತೊಡಗಿದಳು. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೂರುವಳು. ಆಮೇಲೆ ಕೈಯ ಚರ್ಮ ಬಿರಿಯುವಷ್ಟು ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವಳು. ಅವಳಿಗೆ ತನ್ನ ಮೈಯ ಮೇಲೇ ಹೇಸಿಗೆಯಾಗುತ್ತಿತ್ತು.

ಚಳಿಗಾಲದ ಮಾಂಸಕ್ಕೆಂದು ಮಗ ಎರಡು ಕೊಬ್ಬಿದ ಕುರಿ ತಂದುಕೊಟ್ಟ. ದಲೇಲ್‌ಖಾನ್ ಗ್ಯಾರೇಜುಗಳ ಹಿಂದೆ ಅವನ್ನು ಕೊಯ್ದ. ಹೊರಗೆ ನೀರು ಸುರಿದಲ್ಲೇ ಹೆಪ್ಪುಗಟ್ಟುತ್ತಿದ್ದುದರಿಂದ ಕರುಳು ಜಠರಗಳನ್ನು ಬಾತಿಮಾ ಬಚ್ಚಲ ತೊಟ್ಟಿಯಲ್ಲೇ ತೊಳೆಯಬೇಕಾಯಿತು. ಮೈ ಕೊಳೆ ತೊಳೆಯುವ ಕಡೆ ತಿನ್ನುವ ಮಾಂಸ! ಮೂಗು ಸಿಂಡರಿಸಿಕೊಂಡೇ ತೊಳೆದಳು. ಜಠರದ ಹಸಿರು ಸಗಣಿ, ಕೆರೆದ ಲೋಳೆ, ದಪ್ಪ ಬಾಲದ ಕೊಬ್ಬು ಕರಗಿದ ಬಿಸಿನೀರು ಎಲ್ಲವನ್ನೂ ಬಕೆಟ್ಟುಗಟ್ಟಲೆ ಕಕ್ಕಸಿಗೆ ಸುರಿದಳು. ಅದು ಹೇಗೂ ಹೊಲಸು ತಿನ್ನುವ ಬಾಯಿ, ತಿನ್ನಲಿ ಎಂದುಕೊಂಡಳು.

ಕೆಲವು ದಿನಗಳ ಮೇಲೆ ಮೂಲೆಯ ಪೈಪು ಸದ್ದು ನಿಲ್ಲಿಸಿತು. ಬಾತಿಮಾ ಎಷ್ಟೋ ಕಾಲದ ನಂತರ ನೆಮ್ಮದಿಯಿಂದ ಚಹಾ ಕುಡಿಯುತ್ತಿದ್ದಳು. ಅಷ್ಟರಲ್ಲಿ ಕೆಳಗಿನಿಂದ ಗಲಿಯಾಳ ಕೂಗು ಕೇಳಿತು.

ಮೇಲಿನೆರಡು ಮನೆಗಳ ಹೊಲಸೆಲ್ಲ ಗಲಿಯಾಳ ಕಕ್ಕಸಿನಿಂದ ಉಕ್ಕಿ ಹೊರಬಂದಿತ್ತು. ಅವಳ ಹಜಾರದ ಕೆಂಪು ಜಮಖಾನದ ಮೇಲೆ ಬೂದು ಬಣ್ಣದ ನೀರು, ಅದರಲ್ಲಿ ತೇಲುವ ತುಂಡುಗಳು, ಹೊಸ್ತಿಲಲ್ಲಿ ಒದ್ದೆ ಚಪ್ಪಲಿ. ಕಟ್ಟಡದವರೆಲ್ಲ ಮೂಗು ಮುಚ್ಚಿ ಮೆಟ್ಟಿಲಲ್ಲಿ ನಿಂತರು, ಒಳಗೆ ಕಾಲಿಟ್ಟವರಿಲ್ಲ. ಪೈಪು ರಿಪೇರಿಯವನು ಬಂದು ನೆಲಮಾಳಿಗೆಗೆ ಇಳಿದು ಪೈಪಿನ ಬಾಯಿ ಬಿಚ್ಚಿ ಉದ್ದ ಕೊಕ್ಕೆ ತೂರಿಸಿದ. ಎಲ್ಲರೂ ಹಿಂದೆಯೇ ಇಳಿದು ನೋಡಿದರು. ಮೊದಲು ಬಂದದ್ದು ಮಗುವಿನ ತಲೆಯಷ್ಟು ಬಿಳಿ ಗಡ್ಡೆ. ಅದಕ್ಕೆ ಹುಲ್ಲಿನ ಚೂರು, ಉಣ್ಣೆಯ ಎಳೆ ಅಂಟಿದ್ದವು. ಕುರಿಯ ಕೊಬ್ಬು. ಎಲ್ಲರ ಕಣ್ಣೂ ಬಾತಿಮಾಳ ಮೇಲೆ.

"ಯಾರದ್ದು ಅಂತ ಕೇಳೋದೇ ಬೇಡ," ಎಂದಳು ಗಲಿಯಾ. ಅವಳ ದನಿಯಲ್ಲಿ ಬೈಗುಳದ ಬಲವೂ ಉಳಿದಿರಲಿಲ್ಲ.

ಅವನು ಕೊಕ್ಕೆಯನ್ನು ಮತ್ತೆ ತೂರಿಸಿದ. ಕೊಬ್ಬಿನ ಹಿಂದೆ ನೆಲ ಒರೆಸುವ ಬಟ್ಟೆ ಬಂತು. ಅದರ ಹಿಂದೆ ಕೂದಲಿನ ಉಂಡೆ, ಮಗುವಿನ ಕಾಲುಚೀಲ, ಆಲೂಗಡ್ಡೆ ಸಿಪ್ಪೆಯ ಮುದ್ದೆ, ಕೊನೆಗೆ ಯಾರೂ ಹೆಸರು ಹೇಳಲಾರದ ಕಪ್ಪು ಕೊಳೆ. ಒಂದೊಂದು ಬಂದಾಗಲೂ ಒಬ್ಬೊಬ್ಬರು ಬೇರೆ ಕಡೆ ನೋಡಿದರು. ಸಿಪ್ಪೆ ಬಂದಾಗ ಗಲಿಯಾಳೇ ಮುಖ ತಿರುಗಿಸಿದಳು.

ಬಾತಿಮಾ ಮೇಲೆ ಹೋಗಿ ಗಂಡನ ರಬ್ಬರ್ ಬೂಟು ಮೆಟ್ಟಿಕೊಂಡು ಬಕೆಟ್ಟು ಹಿಡಿದು ಇಳಿದಳು. ಯಾರೂ ಕರೆದಿರಲಿಲ್ಲ. ಗಲಿಯಾಳ ಮನೆಯೊಳಗೆ ಹೋಗಿ ಮೊದಲ ಸಲ ಮೊಗೆದದ್ದೇ ಅವಳಿಗೆ ವಾಂತಿ ಬಂತು. ಅದೇ ಬಕೆಟ್ಟಿಗೆ ಕಾರಿಕೊಂಡಳು. ಪಕ್ಕದಲ್ಲಿ ಬಗ್ಗಿದ್ದ ಗಲಿಯಾ ಅದನ್ನು ನೋಡಿ ತಾನೂ ಕಾರಿಕೊಂಡಳು. ಇಬ್ಬರೂ ಕಣ್ಣೀರು ಒರೆಸಿಕೊಂಡು ಕುಕ್ಕರಗಾಲಲ್ಲಿ ಕೂತರು.

"ಅಕ್ಕಾ, ಆ ತುಂಡು ನಿಮ್ಮದಾ ನಮ್ಮದಾ?" ಎಂದು ಗಲಿಯಾ ಕೇಳಿದಳು.

"ಮೇಲ್ಮನೆಯವರದ್ದು," ಎಂದಳು ಬಾತಿಮಾ. "ನಮ್ಮ ಮನೇಲಿ ಅಷ್ಟು ತಿನ್ನೋರಿಲ್ಲ."

ಗಲಿಯಾಗೆ ನಗು ತಡೆಯಲಾಗಲಿಲ್ಲ. ನಕ್ಕದ್ದಕ್ಕೆ ಮತ್ತೆ ಓಕರಿಕೆ ಬಂತು. ಸಂಜೆಯವರೆಗೆ ಇಬ್ಬರೂ ಮೊಗೆದರು, ಜಮಖಾನ ಹೊರಗೆಳೆದು ಹಿಮದ ಮೇಲೆ ಬಡಿದರು. ಆದರೂ ನಾತ ಮಾತ್ರ ಗೋಡೆ ಬಿಟ್ಟು ಹೋಗಲಿಲ್ಲ.

ಪೈಪು ಒಳಗೆ ತುಕ್ಕು ಹಿಡಿದು ಬೆರಳಷ್ಟೇ ತೂತು ಉಳಿದಿದೆ, ಇಂದಲ್ಲ ನಾಳೆ ಮತ್ತೆ ಕಟ್ಟುತ್ತದೆ ಎಂದು ರಿಪೇರಿಯವನು ಹೇಳಿಹೋಗಿದ್ದ. ಮರುದಿನ ಹೆಂಗಸರು ಗುಂಪಾಗಿ ವಸತಿ ಕಚೇರಿಗೆ ಹೋದರು. ಗಲಿಯಾ ಬಾತಿಮಾಳ ಬಾಗಿಲನ್ನೂ ತಟ್ಟಿದಳು. ಅಲ್ಲಿದ್ದ ಯುವಕ ಅಧಿಕಾರಿ ಇವರು ರಷ್ಯನ್ನಿನಲ್ಲಿ ಹೇಳಿದ ದೂರನ್ನೆಲ್ಲ ಕೇಳಿ, ಮುಂದಿನ ವರ್ಷ ನೋಡೋಣ ಎಂದು ಬಾಯಿಪಾಠ ಒಪ್ಪಿಸಿ, ಮೇಜಿನ ಮೇಲಿದ್ದ ಮಾಂಸದ ಸಮೋಸಕ್ಕೆ ಕೈ ಹಾಕಿದ. ಗಲಿಯಾ ಬಾತಿಮಾಳನ್ನು ಮುಂದೆ ತಳ್ಳಿದಳು. "ನೀವು ಹೇಳಿ ಅಕ್ಕಾ. ನಿಮ್ಮ ಕಝಾಕಲ್ಲಿ ಹೇಳಿ."

ಬಾತಿಮಾ ಹೇಳಿದಳು. ಬೆಟ್ಟದವರ ಕಝಾಕಿನಲ್ಲಿ ಹೊಲಸಿಗೆ ಇರುವ ಅಷ್ಟೂ ಹೆಸರುಗಳನ್ನು ಬಳಸಿ, ಬಣ್ಣ, ಗಟ್ಟಿತನ, ನಾತ ಒಂದನ್ನೂ ಬಿಡದೆ ನಿಧಾನವಾಗಿ ವಿವರಿಸಿದಳು. ಹುಡುಗನ ಅಗಿಯುವಿಕೆ ನಿಂತಿತು.

"ತಿನ್ನು ಮಗಾ, ತಿನ್ನು," ಎಂದಳು ಅವಳು. "ನಾವೂ ಅದರ ಪಕ್ಕದಲ್ಲೇ ಕೂತು ತಿನ್ತೀವಿ."

ಅವನು ಸಮೋಸವನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟ. ಬರುವ ವಾರವೇ ಆಳುಗಳನ್ನು ಕಳಿಸುತ್ತೇನೆ ಎಂದ. ಕಳಿಸಿದ ಕೂಡ.

ಅಂದು ಕಚೇರಿಯಿಂದ ಹೊರಗೆ ಬಂದಾಗ ಬಾತಿಮಾಳ ನಡಿಗೆ ಜೋರಾಯಿತು. ಇಷ್ಟು ಅವಸರ ಯಾಕೆ, ಅಂಗಡಿ ಬೀದಿ ಸುತ್ತಿಕೊಂಡು ಹೋಗೋಣ ಎಂದು ಉಳಿದವರು ಕರೆದರು. ಅವಳು ಹೊಟ್ಟೆಗೆ ಕೈ ಒತ್ತಿ ತೋರಿಸಿದಳು. ಕಕ್ಕಸು ಕಚೇರಿಯಲ್ಲೇ ಇದೆಯಲ್ಲ, ಒಳಗೆ ಎಡಗಡೆ, ಎಂದಳು ಗಲಿಯಾ.

"ಥೂ," ಎಂದಳು ಬಾತಿಮಾ. "ಊರೋರೆಲ್ಲ ಕೂರೋ ಜಾಗ. ನಾನು ಮನೆಗೇ ಹೋಗ್ತೀನಿ."

ಹೇಳಿದವಳೇ ಹಿಮದಲ್ಲಿ ಪುಟ್ಟ ಪುಟ್ಟ ಹೆಜ್ಜೆಯಿಡುತ್ತ, ಹಿಂದೆ ನಗುತ್ತಿದ್ದವರನ್ನು ತಿರುಗಿಯೂ ನೋಡದೆ ನಡೆದಳು.