ಗಂಜಿ ಮೂಸುವ ಸಕ್ಕೂಬಾಯಿ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನೂಲಿಗೆ ಹಚ್ಚುವ ಗಂಜಿ ಹಳಸಿದೆಯೋ ಇಲ್ಲವೋ ಎಂದು ಹೇಳಲು ಸಕ್ಕೂಬಾಯಿಯ ಮೂಗೇ ಬೇಕಿತ್ತು. ಅಂಥವಳು ಹೋದ ತಿಂಗಳು ಎಡವಿದಳು. ಅವಳು ಚಲೋ ಇದೆ ಎಂದಿದ್ದ ಗಂಜಿ ಹಳಸಿತ್ತು, ನೂಲೆಲ್ಲ ನಾರಿ ಹಾಳಾಯಿತು. ಗಂಡ ಗೋಣೆಪ್ಪ ಬೈಯಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು. ನಶ್ಯ ಏರಿಸಿ ಏರಿಸಿ ಅವನ ಮೂಗು ಯಾವುದಕ್ಕೂ ಬಾರದ್ದು, ಹಾಗಾಗಿ ಪಕ್ಕದ ಮನೆಯ ಅಡಿವೆವ್ವನನ್ನು ಕರೆದು ಮೂಸಿಸತೊಡಗಿದ. ಸಕ್ಕೂಬಾಯಿಯ ಹೊಟ್ಟೆ ಉರಿಯುತ್ತಿತ್ತು. ವಯಸ್ಸಾಯಿತು, ತನ್ನ ಮೂಗು ಸತ್ತೇ ಹೋಯಿತು ಎಂದುಕೊಂಡಳು.

ಈ ಭಾನುವಾರ, ನರೇಗಲ್ಲಿನ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ರಾಜೇಶ್ವರಿ ಮೈಕ್ರೋಸ್ಕೋಪನ್ನೂ ಒಂದು ಸೀಸೆ ನೀರನ್ನೂ ತಂದಿದ್ದಳು. ಆ ನೀರಿನ ಹನಿಯೊಂದನ್ನು ಅದರಡಿ ಇಟ್ಟು, ನಸುಕಿನಿಂದ ಗಂಜಿಯ ಗಡಿಗೆಯ ಬಳಿಯೇ ಅಡಿವೆವ್ವನೊಡನೆ ಹರಟುತ್ತ ಕೂತಿದ್ದ ತಾಯಿಯನ್ನು ಕರೆದಳು.

“ನೋಡವ್ವಾ, ಇವು ಬ್ಯಾಕ್ಟೀರಿಯಾ.”

ಸಣ್ಣ ಚುಕ್ಕಿಗಳು ತುಸು ಓಡಿ, ಗಿರಕಿ ಹೊಡೆದು, ಮತ್ತೆಲ್ಲಿಗೋ ಓಡುತ್ತಿದ್ದವು. ರಾಜೇಶ್ವರಿ ಸಕ್ಕರೆ ನೀರು ಬೆರೆಸಿದಳು. ಗಿರಕಿ ಬಂದ್! ಎಲ್ಲವೂ ನೆಟ್ಟಗೆ ಓಡಿದವು.

“ಅಯ್ಯ ಶಿವನ! ಇವಕ್ಕ ಮೂಗೈತೇನ?”

“ಮೂಗಿಲ್ಲ, ಮೈಗೇ ಗೊತ್ತಾಗ್ತೈತಿ. ನೋಡ್ಕೋತ ಇರು.”

ಸ್ವಲ್ಪ ಹೊತ್ತಿಗೆ ಅವು ಮತ್ತೆ ಗಿರಕಿಗಿಳಿದವು.

“ಸಕ್ರಿ ತೀರಿತೇನ?”

“ಇಲ್ಲವ್ವ, ಅಷ್ಟ ಐತಿ. ಅವಕ್ಕ ರೂಢಿ ಆತು. ಹೆಚ್ಚಾತೋ ಕಡಿಮಿ ಆತೋ ಅನ್ನೋದಷ್ಟ ಅವಕ್ಕ ತಿಳೀತೈತಿ. ಹಳೇದನ್ನ ಮರತ್ರನ ಹೊಸಾದು ತಿಳಿಯೋದು.”

ಸಕ್ಕೂಬಾಯಿ ಮತ್ತೊಮ್ಮೆ ಬಗ್ಗಿ ನೋಡಿದಳು. ಕಣ್ಣಿಗೆ ಕಾಣದ ಜೀವಕ್ಕೆ ಇಷ್ಟೊಂದು ಅರಿವೇ! ಹಾಗಾದರೆ ತನ್ನ ಮೂಗು? ಗಡಿಗೆಯ ಬಳಿಯೇ ಕೂತು ಕೂತು ಅದಕ್ಕೂ ನಾತ ಬರೀ ರೂಢಿಯಾಗಿದ್ದರೆ?

ಎದ್ದು ಓಣಿಯ ತುದಿಗೆ ಹೋಗಿ, ಗಾಳಿಗೆ ಮುಖವೊಡ್ಡಿ ಒಂದಷ್ಟು ಹೊತ್ತು ನಿಂತಳು. ತಿರುಗಿ ಬಂದು ಹೊಸ್ತಿಲು ದಾಟುತ್ತಲೇ ಹುಳಿ ನಾತ ಮೂಗಿಗೆ ರಪ್ಪೆಂದು ಬಡಿಯಿತು. ಗೋಣೆಪ್ಪ ಆಗಲೇ ಗಡಿಗೆ ಎತ್ತುತ್ತಿದ್ದ.

“ಹಚ್ಚಬ್ಯಾಡ್ರಿ! ಹಳಸೇತಿ!”

“ಅಡಿವೆವ್ವ ಚಲೋ ಐತಿ ಅಂದಾಳಲ್ಲ.”

“ಆಕಿನೂ ನಸುಕಿನಿಂದ ಇಲ್ಲೇ ಕುಂತಾಳ. ಅಡಿವೆವ್ವಾ, ನೀನೂ ಒಂದೀಟು ಹೊರಗ ನಿಂತು ಬಾ.”

ಅಡಿವೆವ್ವ ಗೊಣಗುತ್ತಲೇ ಹೋದಳು. ಮರಳಿ ಒಳಗೆ ಕಾಲಿಟ್ಟವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಗೋಣೆಪ್ಪ ಇಬ್ಬರ ಮುಖವನ್ನೂ ನೋಡಿದ. ಗಡಿಗೆಯನ್ನು ಹೊರಗೊಯ್ದು ಗಟಾರಕ್ಕೆ ಸುರಿದು, ಖಾಲಿ ಗಡಿಗೆಯನ್ನು ಹೆಂಡತಿಯ ಕೈಗಿತ್ತ.

“ಹೊಸಾದು ಕಾಸು,” ಎಂದ. “ನೀನ ಮೂಸು.”